ಮನೆಗೆ ಬೀಗ, ಒಳಗೊಂದು ನಾಯಿಮರಿ

"ಟೀಚರೇ, ಒಂದು ಮಾತು. ಬೇಜಾರು ಮಾಡ್ಕೋಬೇಡಿ..."

ಮನೆ ಮಾಲೀಕರು ಹೀಗೆ ಮಾತು ಶುರು ಮಾಡಿದರೆ ಬಾಡಿಗೆ ಏರಿತು ಎಂದೇ ಅರ್ಥ. ಆದರೆ ಆ ದಿನ ಅವರು ಹೇಳಿದ್ದು ಬಾಡಿಗೆಯ ವಿಷಯವಲ್ಲ. "ನೀವು ಒಂಬತ್ತೂಕಾಲಿಗೆ ಬೀಗ ಹಾಕ್ಕೊಂಡು ಹೋಗ್ತೀರಿ. ನಿಮ್ಮ ಮರಿ ಆಗ ಶುರು ಮಾಡಿದ್ದು ಮಧ್ಯಾಹ್ನದ ತನಕ ಅಳ್ತದೆ. ಜೊತೆಗೆ ಆ ವಾಸನೆ... ನಿಮಗೂ ನಮಗೂ ಗೋಡೆ ಒಂದೇ ಅಲ್ವಾ? ಹದಿನೈದು ದಿನ ನೋಡಿ. ಆಗದಿದ್ರೆ ಎಲ್ಲಾದ್ರೂ ಬಿಟ್ಬಿಡಿ."

ಬಾಗಿಲ ಹಿಂದೆ ನಿಂತಿದ್ದ ಮಗಳು ಒಂದು ಮಾತೂ ಆಡಲಿಲ್ಲ. ಮರಿಯನ್ನು ಎದೆಗೆ ಅವಚಿಕೊಂಡು ಒಳಗೆ ಹೋದಳು. ರಾತ್ರಿ ಊಟಕ್ಕೆ ಕರೆದರೆ "ಹಸಿವಿಲ್ಲ" ಎಂದಳು. ಏಳನೇ ಕ್ಲಾಸಿನ ಹುಡುಗಿ, ಅಪ್ಪ ಇರುವುದು ಹುಬ್ಬಳ್ಳಿಯಲ್ಲಿ, ಅವರು ಮನೆಗೆ ಬರುವುದು ಶನಿವಾರ ರಾತ್ರಿ. ಅಮ್ಮ ಶಾಲೆಯಿಂದ ಬರುವುದು ಸಂಜೆ ಐದಕ್ಕೆ. ಅವಳಿಗೊಂದು ಜೊತೆ ಇರಲಿ ಎಂದೇ ನಾನು ಆ ಮರಿಯನ್ನು ತಂದದ್ದು. ಈಗ ಬಿಟ್ಟು ಬನ್ನಿ ಎಂದರೆ ಎಲ್ಲಿಗೆ ಬಿಡುವುದು? ಸಂತೆ ಮೈದಾನದಲ್ಲೇ?

ನಮ್ಮದು ಸಾಗರ. ಗೆಳತಿಯೊಬ್ಬಳ ಅಡಿಕೆ ತೋಟದ ಮನೆಯಲ್ಲಿ ನಾಯಿ ಐದು ಮರಿ ಹಾಕಿತ್ತು. ಜಾತಿ ನಾಯಿ ಅಲ್ಲ, ನಮ್ಮ ಊರಿನದೇ ನಾಯಿ. ಕಂದು ಮೈ, ಹಣೆಯ ಮೇಲೊಂದು ಬಿಳಿ ಬೊಟ್ಟು. ಎರಡು ತಿಂಗಳಾಗುವ ತನಕ ತಾಯಿಯ ಹತ್ತಿರವೇ ಬಿಟ್ಟು ಆಮೇಲೆ ತಂದೆವು. ಅಷ್ಟು ಮಾತ್ರ ಸರಿಯಾಗಿ ಮಾಡಿದೆ ಎನ್ನಿ. ಮಿಕ್ಕದ್ದೆಲ್ಲ ತಪ್ಪೇ.

ಮೊದಲನೇ ತಪ್ಪು ಮುಹೂರ್ತದ್ದು. ಬೇಸಿಗೆ ರಜೆಯಿಡೀ ಹಪ್ಪಳ ಸಂಡಿಗೆ ಮಾಡಿಕೊಂಡು ಮನೆಯಲ್ಲೇ ಇದ್ದವಳು, ಶಾಲೆ ಶುರುವಾಗುವ ಹಿಂದಿನ ಭಾನುವಾರ ಮರಿ ತಂದೆ! ಬುಧವಾರದಿಂದ ಅದು ಒಂಟಿ. ತಾಯಿ ಮತ್ತು ನಾಲ್ಕು ಒಡಹುಟ್ಟಿದವರ ಜೊತೆ ಒಂದೇ ಗೋಣಿಯ ಮೇಲೆ ಮಲಗಿದ್ದ ಕೂಸನ್ನು ನಾಲ್ಕನೇ ದಿನಕ್ಕೆ ಬೀಗ ಹಾಕಿದ ಮನೆಯಲ್ಲಿ ಕೂಡಿಹಾಕಿದರೆ ಅಳದೆ ಇನ್ನೇನು ಮಾಡೀತು? ಕೆಲಸಕ್ಕೆ ಹೋಗುವ ನನ್ನಂಥವರು ಮರಿ ತರುವುದಿದ್ದರೆ ರಜೆಯ ಮೊದಲ ದಿನ ತನ್ನಿ, ಕೊನೆಯ ದಿನವಲ್ಲ. ಎರಡು ವಾರ ಕೈಯಲ್ಲಿ ಸಿಕ್ಕರೆ ಅರ್ಧ ಕೆಲಸ ಆದ ಹಾಗೆ.

ಸಂಜೆ ಬಾಗಿಲು ತೆರೆದರೆ ಅಡುಗೆಮನೆಯಲ್ಲಿ ಒಂದು ಕೆರೆ, ಹಾಲ್‌ನಲ್ಲಿ ಎರಡು, ದೇವರ ಕೋಣೆಯ ಹೊಸ್ತಿಲ ಮುಂದೆ ಇನ್ನೇನೋ. ಕೆಂಪು ಕಾವಿ ನೆಲವಾದ್ದರಿಂದ ಒದ್ದೆ ಬೇಗ ಕಾಣುವುದೂ ಇಲ್ಲ. ಕಾಲಿಟ್ಟ ಮೇಲೇ ಗೊತ್ತಾಗುವುದು. ಚಪ್ಪಲಿ ಬಿಟ್ಟವಳು ಸೀರೆ ಎತ್ತಿ ಕಟ್ಟಿ ಫಿನಾಯಿಲು, ಬಟ್ಟೆ, ಬಕೆಟ್ಟು ಹಿಡಿದರೆ ಕಾಫಿ ಕುಡಿಯುವಾಗ ಆರೂವರೆ.

ಈಗ ಹೇಳುವುದನ್ನು ಹೇಳಲು ನಾಚಿಕೆಯಾಗುತ್ತದೆ. ಮಾಲೀಕರು ಬಂದು ಹೋದ ಮಾರನೆಯ ದಿನ, ಶಾಲೆಯಲ್ಲೂ ಏನೋ ಮಾತು ಕೇಳಿ ಬಂದಿದ್ದೆ. ಬಾಗಿಲು ತೆರೆದರೆ ಅಕ್ಕಿ ಚೀಲದ ಬುಡ ಒದ್ದೆ. ಪೇಪರ್ ಸುರುಳಿ ಸುತ್ತಿ ಮರಿಗೆ ಎರಡು ಬಾರಿಸಿದೆ. ಕತ್ತು ಹಿಡಿದು ಮೂತಿಯನ್ನು ಆ ಒದ್ದೆಗೆ ತಿಕ್ಕಿದೆ. "ಹಾಗೇ ಮಾಡಬೇಕು, ಆಗ ಬುದ್ಧಿ ಬರ್ತದೆ" ಎಂದು ಎಷ್ಟೋ ಜನ ಹೇಳಿದ್ದರು. ಬಂದ ಬುದ್ಧಿ ಏನು ಗೊತ್ತೇ? ಮರುದಿನದಿಂದ ನಾನು ಬಂದ ಕೂಡಲೇ ಅದು ಮಂಚದ ಅಡಿಗೆ ಹೋಗಿ ಅಡಗತೊಡಗಿತು. ನನ್ನ ಕಣ್ಣೆದುರು, ಹಿತ್ತಿಲಲ್ಲಿ ಕೂಡ, ಏನೂ ಮಾಡದು. ನಾನು ಆಚೆ ತಿರುಗಿದೊಡನೆ ಬೀರುವಿನ ಹಿಂದೆ ಹೋಗಿ ಮಾಡುವುದು. ಅದು ಕಲಿತದ್ದು ಇಷ್ಟೇ: ಈ ಹೆಂಗಸಿನ ಎದುರು ಉಚ್ಚೆ ಹೊಯ್ಯುವುದು ಅಪಾಯ.

"ಅಮ್ಮಾ, ಅದು ನಿನ್ನ ಕಂಡ್ರೆ ನಡುಗ್ತದೆ" ಎಂದಳು ಮಗಳು. ಆ ಮಾತು ಚುಚ್ಚಿತು. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಮರಿಯನ್ನು ಬುಟ್ಟಿಯಲ್ಲಿಟ್ಟುಕೊಂಡು ಪಶು ಆಸ್ಪತ್ರೆಗೆ ಹೋದೆ.

ಡಾಕ್ಟರು ವಯಸ್ಸಾದವರು. ಇಡೀ ಕತೆ ಕೇಳಿ ನನ್ನನ್ನೇ ಪ್ರಶ್ನೆ ಮಾಡಿದರು.

"ನಿಮ್ಮ ಮಗಳು ಹಾಸಿಗೆ ಒದ್ದೆ ಮಾಡೋದು ಬಿಟ್ಟಿದ್ದು ಎಷ್ಟು ವಯಸ್ಸಿಗೆ?"

"ಮೂರು ವರ್ಷ ಆಗಿರ್ಬಹುದು ಸಾರ್."

"ಇದಕ್ಕೆ ಎರಡು ತಿಂಗಳು ಕಣಮ್ಮ."

ಅವರು ಹೇಳಿದ ಲೆಕ್ಕ ಸುಲಭ. ಮರಿಗೆ ಎಷ್ಟು ತಿಂಗಳೋ ಅದಕ್ಕೆ ಒಂದು ಸೇರಿಸಿ. ಹಗಲಿನಲ್ಲಿ ಅಷ್ಟು ಗಂಟೆ ತಡೆದುಕೊಂಡರೆ ಅದೇ ಹೆಚ್ಚು. ಎರಡು ತಿಂಗಳ ಮರಿಗೆ ಮೂರು ಗಂಟೆ. ನಾಲ್ಕು ತಿಂಗಳಿಗೆ ಐದು. ಅದೂ ಸುಮ್ಮನೆ ಮಲಗಿದ್ದರೆ. ಆಡುತ್ತಿದ್ದರೆ, ನೀರು ಕುಡಿದಿದ್ದರೆ ಇನ್ನೂ ಬೇಗ. ನಾನು ಮನೆ ಬಿಟ್ಟಿರುವುದು ಸುಮಾರು ಎಂಟು ಗಂಟೆ. ಅಂದರೆ ಅದರ ಮೈಯಿಂದ ಆಗದ್ದನ್ನು ಆಗಲಿಲ್ಲ ಎಂದು ಹೊಡೆದಿದ್ದೆ. ಕೇಳಿ ತಲೆ ತಗ್ಗಿಸಿದೆ.

"ಆದ್ರೆ ಸಾರ್, ಅದಕ್ಕೆ ತಪ್ಪು ಗೊತ್ತಾಗ್ತದೆ. ನಾನು ಬಂದ ಕೂಡ್ಲೇ ಕಿವಿ ಮಡಚಿ, ಬಾಲ ಮುದುಡಿಕೊಂಡು ಕೂರ್ತದಲ್ಲ?"

ಅದು ತಪ್ಪೊಪ್ಪಿಗೆ ಅಲ್ಲವಂತೆ, ಬರೀ ಹೆದರಿಕೆ. ಇದರ ಬಗ್ಗೆ ಅಮೆರಿಕದ ಅಲೆಕ್ಸಾಂಡ್ರಾ ಹೊರೊವಿಟ್ಜ್ ಎಂಬ ಸಂಶೋಧಕಿ 2009ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವಿದೆ. ತಿಂಡಿ ಮುಟ್ಟಬೇಡ ಎಂದು ನಾಯಿಗೆ ಹೇಳಿ ಯಜಮಾನರು ಕೋಣೆಯಿಂದ ಹೊರಗೆ ಹೋಗುತ್ತಾರೆ. ವಾಪಸು ಬಂದಾಗ ಕೆಲವರಿಗೆ ನಿಜ ಹೇಳುತ್ತಾರೆ, ಕೆಲವರಿಗೆ ಸುಳ್ಳು. ನಾಯಿ ತಿಂದಿರಲಿ ಬಿಡಲಿ, ಯಜಮಾನರು ಗದರಿದಾಗ ಆ 'ಕಳ್ಳ ಮುಖ' ಹೆಚ್ಚಾಗಿ ಕಂಡಿತು. ತಿಂದದ್ದಕ್ಕೂ ಆ ಮುಖಕ್ಕೂ ಸಂಬಂಧವೇ ಇರಲಿಲ್ಲ! ನಾವು ಮಕ್ಕಳ ವಿಷಯದಲ್ಲೂ ಮುಖ ನೋಡಿಯೇ ತೀರ್ಪು ಕೊಟ್ಟುಬಿಡುತ್ತೇವಲ್ಲ ಎಂದು ಟೀಚರಾದ ನನಗೆ ಒಂದು ಕ್ಷಣ ಅನ್ನಿಸಿತು. ಇರಲಿ, ನಮ್ಮ ಗುಂಡನ ವಿಷಯಕ್ಕೆ ಬರೋಣ. (ಹೌದು, ಹೆಸರು ಗುಂಡ. ಮಗಳು ಇಟ್ಟದ್ದು.)

ಡಾಕ್ಟರ ಮಾತು ಕೇಳಿ ಆ ಭಾನುವಾರವೇ ಮನೆಯ ವ್ಯವಸ್ಥೆ ಬದಲಾಯಿಸಿದೆ. ಇಡೀ ಮನೆಯನ್ನು ಮರಿಗೆ ಬಿಟ್ಟುಕೊಟ್ಟದ್ದು ನನ್ನ ಎರಡನೇ ತಪ್ಪು. ಎಳೆ ಮರಿಗೂ ತಾನು ಮಲಗುವ ಜಾಗ ಗಲೀಜು ಮಾಡಲು ಇಷ್ಟವಿರುವುದಿಲ್ಲ. ಆದರೆ ನಾಲ್ಕು ಕೋಣೆ ಇದ್ದರೆ ಅದರ ಲೆಕ್ಕದಲ್ಲಿ ಒಂದು ಮಲಗಲು, ಮಿಕ್ಕ ಮೂರೂ ಬಯಲು! ಹಿಂದಿನ ಜಗಲಿಯಲ್ಲಿ, ಬಚ್ಚಲು ಮನೆಯ ಪಕ್ಕ, ಒಂದು ಮಂಚದಷ್ಟು ಜಾಗಕ್ಕೆ ಹಲಗೆ ಅಡ್ಡ ಕಟ್ಟಿದೆವು. ಒಂದು ತುದಿಯಲ್ಲಿ ಗೋಣಿಯ ಹಾಸಿಗೆ, ಅದರ ಮೇಲೆ ನಾನು ಉಟ್ಟು ಹಳತಾದ ಸೀರೆಯ ತುಂಡು. ಪಕ್ಕದಲ್ಲಿ ಮಗುಚದಂಥ ಮಣ್ಣಿನ ಬೋಗುಣಿಯಲ್ಲಿ ನೀರು. ಇನ್ನೊಂದು ತುದಿಗೆ ನಾಲ್ಕು ಪದರ ನ್ಯೂಸ್ ಪೇಪರು. ಹಾಗಂತ ತೀರಾ ಸಣ್ಣ ಪೆಟ್ಟಿಗೆಯಲ್ಲಿ ಎಂಟು ಗಂಟೆ ಕೂಡಿಹಾಕಬೇಡಿ. ತಡೆಯಲಾರದೆ ಹಾಸಿಗೆಯಲ್ಲೇ ಮಾಡಿಕೊಂಡು, ಅದೇ ರೂಢಿಯಾದರೆ ಆಮೇಲೆ ಬಿಡಿಸುವುದು ಬಲು ಕಷ್ಟ.

ಮೊದಲ ಎರಡು ದಿನ ಹಾಸಿಗೆ ಬಿಟ್ಟು ಉಳಿದ ಕಡೆಯೆಲ್ಲ ಪೇಪರು ಹರಡಿದೆ. ಅದು ಯಾವ ಮೂಲೆ ಆರಿಸಿಕೊಳ್ಳುತ್ತದೆ ನೋಡಿಕೊಂಡು, ದಿನಕ್ಕೊಂದು ಹಾಳೆಯಂತೆ ಕಡಿಮೆ ಮಾಡುತ್ತ ಬಂದೆ. ಹೊಸ ಪೇಪರಿನ ಅಡಿಗೆ ಹಿಂದಿನ ದಿನದ ಒದ್ದೆ ಪೇಪರಿನ ಒಂದು ಸಣ್ಣ ಚೂರು ಇಡಬೇಕು. ಆ ವಾಸನೆಯೇ ಅದಕ್ಕೆ ಬೋರ್ಡು. ವಾರದಲ್ಲಿ ಗುಂಡ ಬಾಗಿಲ ಹತ್ತಿರದ ಎರಡು ಹಾಳೆಗೆ ಬಂದ. ಆದರೆ ಇದರಲ್ಲೂ ಒಂದು ಎಡವಟ್ಟಿದೆ, ಕೇಳಿ. ಆ ಭಾನುವಾರ ಯಜಮಾನರು ಓದುತ್ತ ಓದುತ್ತ ಪುರವಣಿಯನ್ನು ನೆಲದ ಮೇಲೆ ಇಟ್ಟು ಕಾಫಿಗೆ ಎದ್ದರು. ಬಂದು ನೋಡಿದರೆ ಅದರ ಮೇಲೆ ಗುಂಡ! ಅವನ ತಪ್ಪೇನು? ಪೇಪರು ಎಂದರೆ ಅದಕ್ಕೇ ಎಂದು ನಾವೇ ಕಲಿಸಿದ್ದು. ಮರಿಗಳು ಎಳೆಯದರಲ್ಲಿ ಕಾಲಿಗೆ ಯಾವುದು ತಾಗಿದಾಗ ಮಾಡುತ್ತವೋ ಅದನ್ನೇ ಮುಂದೆಯೂ ಹುಡುಕುತ್ತವಂತೆ. ಅದಕ್ಕೇ ಪೇಪರು ತೆಗೆದು, ಅಂಚು ತಗ್ಗಾದ ಹಳೆಯ ಪ್ಲಾಸ್ಟಿಕ್ ಟ್ರೇಯಲ್ಲಿ ಹಿತ್ತಿಲ ಮಣ್ಣು, ಒಣ ಹುಲ್ಲು ಹಾಕಿಟ್ಟೆ. ಒಳಗೂ ಹೊರಗೂ ಕಾಲಿಗೆ ತಾಗುವುದು ಒಂದೇ ಆಯಿತು. ಮೊದಲೇ ಹೀಗೆ ಮಾಡಿದ್ದರೆ ಎರಡು ವಾರ ಉಳಿಯುತ್ತಿತ್ತು.

ಇಷ್ಟಾದರೂ ಎಂಟು ಗಂಟೆಯ ಸಮಸ್ಯೆ ಎಂಟು ಗಂಟೆಯದೇ. ಯಾರಾದರೂ ನಡುವೆ ಒಮ್ಮೆ ಬಾಗಿಲು ತೆರೆಯಬೇಕು. ನಮ್ಮ ಶಾಲೆ ಊರಿಂದ ಆಚೆ, ಊಟದ ಬಿಡುವಿನಲ್ಲಿ ಬಂದು ಹೋಗುವಂತಿಲ್ಲ. ಎದುರು ಮನೆಯ ಅಜ್ಜಿಯನ್ನು ಕೇಳಲು ಮೂರು ದಿನ ಹಿಂಜರಿದೆ. ಕೊನೆಗೆ ಕೇಳಿದರೆ, "ಅಷ್ಟಕ್ಕೆ ಎಂತಕ್ಕೆ ಸಂಕೋಚ ಮಾರಾಯ್ತಿ? ನಂಗೂ ಹೊತ್ತು ಹೋಗಬೇಕಲ್ಲ" ಎಂದರು. ದುಡ್ಡು ಕೊಡಲು ಹೋದರೆ ಸಿಟ್ಟು. ಅವರು ಹನ್ನೆರಡಕ್ಕೂ ಮೂರಕ್ಕೂ ಹಿಂಬಾಗಿಲು ತೆರೆದು ಹತ್ತು ನಿಮಿಷ ಹಿತ್ತಿಲಿಗೆ ಬಿಡುವುದು. ನಾನು ತಿಂಗಳಿಗೊಮ್ಮೆ ಅವರ ಜೊತೆ ಬ್ಯಾಂಕಿಗೆ ಹೋಗಿ ಪಿಂಚಣಿ ತೆಗೆಸಿಕೊಡುವುದು, ಬಿ.ಪಿ. ಮಾತ್ರೆ ತಂದುಕೊಡುವುದು. ಗದ್ದೆ ನಾಟಿಗೆ ಮುಯ್ಯಾಳು ಇದ್ದ ಹಾಗೆ ಇದೂ ಒಂದು ಮುಯ್ಯಾಳು. ನಿಮ್ಮ ಬೀದಿಯಲ್ಲೂ ಇಂಥ ಅಜ್ಜಿಯೋ, ನಿವೃತ್ತರಾದ ಮೇಷ್ಟರೋ, ಮಧ್ಯಾಹ್ನ ಕಾಲೇಜು ಮುಗಿಸಿ ಬರುವ ಹುಡುಗಿಯೋ ಇದ್ದೇ ಇರುತ್ತಾರೆ. ಯಾರೂ ಸಿಗುವುದಿಲ್ಲ ಎಂದಾದರೆ, ನನ್ನ ಮಾತು ಕೇಳಿ, ಎಳೆ ಮರಿ ತರಬೇಡಿ. ಒಂದೂವರೆ ಎರಡು ವರ್ಷದ, ಯಾರಿಗೋ ಬೇಡವಾದ ನಾಯಿಯನ್ನು ತನ್ನಿ. ಅದಕ್ಕೆ ತಡೆದುಕೊಳ್ಳುವ ಶಕ್ತಿಯಾದರೂ ಇರುತ್ತದೆ.

ನಾನು ಮನೆಯಲ್ಲಿರುವ ಹೊತ್ತೇ ನಿಜವಾದ ಪಾಠದ ಹೊತ್ತು. ಮರಿಗಳು ನಿದ್ದೆಯಿಂದ ಎದ್ದ ಕೂಡಲೇ, ಊಟವಾದ ಹದಿನೈದು ನಿಮಿಷದಿಂದ ಅರ್ಧ ಗಂಟೆಯೊಳಗೆ, ಜೋರಾಗಿ ಆಡಿದ ಮೇಲೆ ಮಾಡಿಯೇ ಮಾಡುತ್ತವೆ. ಅದಕ್ಕೇ ಊಟಕ್ಕೆ ಹೊತ್ತು ಕಟ್ಟಿದೆ. ಬೆಳಿಗ್ಗೆ ಆರೂವರೆ, ಮಧ್ಯಾಹ್ನ ಅಜ್ಜಿಯ ಕೈಯಲ್ಲಿ ಹನ್ನೆರಡಕ್ಕೆ, ಸಂಜೆ ಆರೂವರೆ. ಆರೂವರೆಗೆ ತಿಂದರೆ ನಾನು ಹೊರಡುವ ಮೊದಲು ಎರಡು ಸಲ ಹಿತ್ತಿಲಿಗೆ ಹೋಗಿ ಬರಬಹುದು. ತಟ್ಟೆಯನ್ನು ಇಡೀ ದಿನ ಎದುರಿಗಿಟ್ಟರೆ ಈ ಲೆಕ್ಕವೇ ಸಿಗದು. ಆದರೆ ನೀರು ಮಾತ್ರ ತಪ್ಪಿಸಬಾರದು. ಉಚ್ಚೆ ಕಡಿಮೆಯಾಗಲಿ ಎಂದು ನೀರು ಕೊಡದೆ ಇಡುವವರಿದ್ದಾರೆ, ಅದು ಪಾಪ.

ಏನು ಹಾಕುತ್ತೇನೆ ಎಂದು ಕೇಳುತ್ತೀರಿ, ಅಲ್ಲವೇ? ಮೆತ್ತಗೆ ಬೇಯಿಸಿದ ಅನ್ನ ಅಥವಾ ರಾಗಿ ಅಂಬಲಿ, ಜೊತೆಗೆ ಬೇಯಿಸಿದ ಮೊಟ್ಟೆ, ಸ್ವಲ್ಪ ಮೊಸರು, ಬೆಂದ ಕುಂಬಳಕಾಯಿ ಅಥವಾ ಕ್ಯಾರೆಟ್. ಬರೀ ಅನ್ನ ಹಾಕಿದರೆ ಬೆಳೆಯುವ ಮರಿಗೆ ಸಾಲದು ಎಂದು ಡಾಕ್ಟರು ಒತ್ತಿ ಹೇಳಿದ್ದಾರೆ. ಮೊಟ್ಟೆ ಮನೆಗೆ ತರದವರು ಅಂಗಡಿಯ ಮರಿ ಆಹಾರವನ್ನೇ ನೆನೆಸಿ ಕೊಡುವುದು ಮೇಲು. ಪ್ರೀತಿ ಎಂದು ಬಟ್ಟಲು ತುಂಬ ಹಸುವಿನ ಹಾಲು ಕೊಟ್ಟರೆ ಎಷ್ಟೋ ಮರಿಗಳಿಗೆ ಭೇದಿಯಾಗುತ್ತದೆ. ಭೇದಿ ಇರುವ ಮರಿಗೆ ಯಾವ ಪಾಠವೂ ಹತ್ತದು. ಈರುಳ್ಳಿ ಹಾಕಿದ ಸಾರು, ಪಾಯಸದ ಒಣದ್ರಾಕ್ಷಿ, ಮಕ್ಕಳ ಚಾಕೊಲೇಟು ಇವು ಮೂರೂ ನಾಯಿಗೆ ವಿಷ. ಹಬ್ಬದ ದಿನ ಎಚ್ಚರ.

ನೆಲ ಮೂಸುತ್ತ ಗಿರಕಿ ಹೊಡೆಯತೊಡಗಿದರೆ, ಆಡುತ್ತಿದ್ದುದು ಥಟ್ಟನೆ ನಿಂತು ಎತ್ತಲೋ ಹೊರಟರೆ, ತಡಮಾಡದೆ ಎತ್ತಿಕೊಂಡು ಹೊರಗೆ. ಪ್ರತಿ ಸಲವೂ ಅದೇ ಪೇರಲೆ ಮರದ ಬುಡ, ಅದೇ ಮಾತು. ನಮ್ಮ ಮನೆಯಲ್ಲಿ "ಸುಸ್ಸು ಮಾಡು". ಮುಗಿದ ಆ ಕ್ಷಣವೇ, ಅಲ್ಲೇ, ಮೈದಡವಿ "ಜಾಣ!" ಎನ್ನಬೇಕು. ಒಂದು ಚೂರು ಚಪಾತಿ ಕೊಡಬೇಕು. ಒಳಗೆ ಬಂದ ಮೇಲೆ ಕೊಟ್ಟರೆ ಒಳಗೆ ಬಂದದ್ದಕ್ಕೆ ಬಹುಮಾನ ಎಂದು ತಿಳಿಯುತ್ತದೆ. ಮುಗಿದ ತಕ್ಷಣ ಒಳಗೆ ಎಳೆದುಕೊಂಡು ಬರಲೂಬಾರದು. ಹಾಗೆ ಮಾಡಿದರೆ 'ಮಾಡಿದೊಡನೆ ಆಟ ಮುಗಿಯಿತು' ಎಂದು ಬೇಕೆಂದೇ ತಡೆದು ನಿಲ್ಲುತ್ತದೆ. ಎರಡು ನಿಮಿಷ ಆಡಿಸಿ. ಪೇಪರ್ ಸುರುಳಿಗೆ ನಡುಗಿದ್ದ ಗುಂಡ ನನ್ನೆದುರು ಧೈರ್ಯವಾಗಿ ಕಾಲು ಮಡಚಿ ಕೂರಲು ಹನ್ನೊಂದು ದಿನ ಹಿಡಿಯಿತು. ಮಗಳ ಎದುರಿಗಾದರೆ ಎರಡೇ ದಿನ. ಆ ಹನ್ನೊಂದು ದಿನ ನಾನು ಅವನಿಗೆ ಬೆನ್ನು ತಿರುಗಿಸಿ, ಮರ ನೋಡುತ್ತ ನಿಲ್ಲುತ್ತಿದ್ದೆ.

ಒಳಗೆ ಮಾಡಿಬಿಟ್ಟರೆ? ನೀವು ನೋಡದೆ ಆದದ್ದಾದರೆ ಸುಮ್ಮನೆ ಒರೆಸಿ. ನಿಮಿಷ ಕಳೆದ ಮೇಲೆ ಬೈದದ್ದು ಯಾತಕ್ಕೆಂದು ಅದಕ್ಕೆ ತಿಳಿಯುವುದಿಲ್ಲ. ಕಣ್ಣೆದುರೇ ಆಗುತ್ತಿದ್ದರೆ ಚಪ್ಪಾಳೆ ತಟ್ಟಿ ಎತ್ತಿಕೊಂಡು ಹೊರಗೆ ಓಡಿ. ಒರೆಸುವುದಕ್ಕೂ ಒಂದು ಕ್ರಮವಿದೆ. ನಾನು ನಂಬಿದ್ದ ಫಿನಾಯಿಲು ವಾಸನೆ ಮುಚ್ಚಿದ್ದು ನಮ್ಮ ಮೂಗಿಗೆ ಮಾತ್ರ. ನಾಯಿಯ ಮೂಗಿಗೆ ಹಳೆ ಗುರುತು ಹಾಗೇ ಇತ್ತು. ಮರಿ ನೆಕ್ಕಿದರೆ ಅಪಾಯ ಬೇರೆ. ಮೊದಲು ಹಳೇ ಬಟ್ಟೆಯಿಂದ ಹೀರಿಸಿ ತೆಗೆಯಿರಿ, ಸೋಪು ನೀರಿನಿಂದ ತೊಳೆಯಿರಿ, ಆಮೇಲೆ ಬಿಳಿ ವಿನಿಗರ್‌ಗೆ ಅಷ್ಟೇ ನೀರು ಬೆರೆಸಿ ಒರೆಸಿ ಒಣಗಿಸಿ. ಬ್ಲೀಚಿಂಗ್ ಪೌಡರ್ ಮಾತ್ರ ಬೇಡ. ಉಚ್ಚೆಯ ಜೊತೆಗೂ ವಿನಿಗರ್ ಜೊತೆಗೂ ಸೇರಿದರೆ ಕೆಟ್ಟ ಹೊಗೆ ಏಳುತ್ತದೆ. ಅದು ಮರಿಗೂ ಆಗದು, ನಿಮಗೂ ಆಗದು.

ಇನ್ನೊಂದು ಸಂಗತಿ. ಶನಿವಾರ ಯಜಮಾನರು ಬಂದು "ಏನೋ ಗುಂಡಾ!" ಎಂದು ಬಗ್ಗಿದರೆ ಸಾಕು, ಅಲ್ಲೇ ಎರಡು ಹನಿ. ಇದು ಪಾಠ ಮರೆತದ್ದಲ್ಲ. ದೊಡ್ಡವರ ಎದುರು ಎಳೆಯ ಮರಿ ತೋರಿಸುವ ವಿಧೇಯತೆ, ಸಂತೋಷದ ಗಾಬರಿ. ಗದರಿದರೆ ಹೆಚ್ಚುತ್ತದೆ. ಮೇಲಿನಿಂದ ಬಗ್ಗದೆ, ಕುಕ್ಕರಗಾಲಲ್ಲಿ ಕೂತು, ಮೆಲ್ಲಗೆ ಮಾತಾಡಿಸಿದರೆ ಬೆಳೆಯುತ್ತ ತಾನೇ ಹೋಗುತ್ತದೆ. ಆದರೆ ಕಲಿತ ಮರಿ ಇದ್ದಕ್ಕಿದ್ದಂತೆ ಮತ್ತೆ ಮತ್ತೆ ಹನಿ ಹನಿಯಾಗಿ ಮಾಡತೊಡಗಿದರೆ ಮೂತ್ರದ ಸೋಂಕು ಇರಬಹುದು. ಡಾಕ್ಟರಿಗೆ ತೋರಿಸಿ.

ಅಳುವಿಗೆ ಮದ್ದು ಮಾಡಿದ್ದು ಹೇಗೆಂದರೆ, ಭಾನುವಾರ ಬಾಗಿಲು ಹಾಕಿ ಎರಡು ನಿಮಿಷ ಹೊರಗೆ ನಿಲ್ಲುವುದು, ಅಳು ನಿಂತಾಗ ಒಳಗೆ ಬರುವುದು. ಆಮೇಲೆ ಐದು ನಿಮಿಷ, ಹತ್ತು, ಅರ್ಧ ಗಂಟೆ. ಹೊರಡುವಾಗ ಮುದ್ದು ಮಾಡಿ ಬೀಳ್ಕೊಡುವ ನಾಟಕ ಬಿಟ್ಟೆವು. ಹದಿನೈದನೇ ದಿನ ಮಾಲೀಕರು ಬಂದರು. ಗೇಟಿನ ಹತ್ತಿರ ನಿಂತು, "ಮೊನ್ನೆಯಿಂದ ಅಷ್ಟು ಗಲಾಟೆ ಇಲ್ಲ" ಎಂದರು. ಹೋಗಿ ಎನ್ನಲಿಲ್ಲ, ಇರಲಿ ಎಂದೂ ಎನ್ನಲಿಲ್ಲ. ಆ ರಾತ್ರಿ ಮಗಳು ಎರಡು ಸಲ ಸಾರು ಹಾಕಿಸಿಕೊಂಡಳು.

ಲಸಿಕೆಯ ವಿಷಯ ಹೇಳದಿದ್ದರೆ ತಪ್ಪಾದೀತು. ಆರರಿಂದ ಎಂಟು ವಾರಕ್ಕೆ ಪಾರ್ವೋ, ಡಿಸ್ಟೆಂಪರ್ ಲಸಿಕೆ ಶುರು ಮಾಡಿ, ಮೂರು ನಾಲ್ಕು ವಾರಕ್ಕೊಮ್ಮೆ ಹದಿನಾರು ವಾರದವರೆಗೆ ಹಾಕಿಸಬೇಕು. ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ ಲಸಿಕೆ. ಇವು ಮುಗಿಯುವ ತನಕ ಬೀದಿಗೆ ಬಿಡದೆ ಹಿತ್ತಿಲಲ್ಲೇ ಕಲಿಸಿ. ಜಂತುಹುಳದ ಔಷಧಿ ಡಾಕ್ಟರು ಹೇಳಿದ ದಿನಕ್ಕೆ ತಪ್ಪದೆ ಹಾಕಿ, ಮರಿ ಮುಟ್ಟಿದ ಮಕ್ಕಳಿಗೆ ಕೈ ತೊಳೆಸಿ. ಆಟದಲ್ಲಿ ಮರಿಯ ಹಲ್ಲು ತಾಗಿ ರಕ್ತ ಬಂದರೆ "ನಮ್ಮ ಮನೆಯದೇ ಅಲ್ವಾ" ಎಂದು ಬಿಡಬೇಡಿ. ಹದಿನೈದು ನಿಮಿಷ ಸೋಪು ಹಾಕಿ ಹರಿಯುವ ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಹೋಗಿ.

ಜುಲೈ ತಿಂಗಳಲ್ಲಿ ನಮ್ಮ ಮಲೆನಾಡಿನ ಮಳೆ ಎಲ್ಲವನ್ನೂ ಮತ್ತೆ ಹಾಳು ಮಾಡಿತು. ಧೋ ಎಂದು ಸುರಿಯುವಾಗ ಪೇರಲೆ ಮರದ ಬುಡಕ್ಕೆ ಹೋಗಲು ಗುಂಡ ಒಲ್ಲ. ಜಗಲಿಯ ತುದಿಯಲ್ಲಿ ನಿಂತು ನನ್ನ ಮುಖ ನೋಡುವುದು, ವಾಪಸು ಬರುವುದು. ನಾನೇ ಕೊಡೆ ಹಿಡಿದು ನಿಲ್ಲತೊಡಗಿದೆ. ಬೆಳಗಿನ ಐದೂವರೆಗೆ ನಾಯಿಯ ತಲೆಗೆ ಕೊಡೆ ಹಿಡಿದು "ಸುಸ್ಸು ಮಾಡು, ಜಾಣ" ಎನ್ನುವ ಹೈಸ್ಕೂಲು ಟೀಚರನ್ನು ನೋಡಿ ಹಾಲಿನ ಹುಡುಗ ನಕ್ಕದ್ದು ಹೌದು.

ಚೌತಿಗೆ ಅತ್ತೆಯವರು ಊರಿಂದ ಬಂದರು. ಗುಂಡನಿಗೆ ಆಗ ಐದು ತಿಂಗಳು ದಾಟಿತ್ತು. "ಅದು ಒಳಗೆ ಬಂದ್ರೆ ನಾನು ಹೊರಗೆ" ಎಂದು ಮೊದಲೇ ಹೇಳಿಬಿಟ್ಟರು. ಪೂಜೆ ಮುಗಿಯುವವರೆಗೂ ಅವನು ಹಿಂಜಗಲಿಯ ಹಲಗೆಯ ಆಚೆಯೇ ಇದ್ದ. ನನಗೆ ಮಾತ್ರ ಮಂಗಳಾರತಿಯ ಕಡೆಗಿಂತ ಆ ಹಲಗೆಯ ಕಡೆಗೇ ಗಮನ. ಏನೂ ಆಗಲಿಲ್ಲ. ಆದರೆ ರಾತ್ರಿ ಎಚ್ಚರವಾದಾಗ ಹಿಂಬಾಗಿಲು ತೆರೆದಿತ್ತು. ಗಾಬರಿಯಿಂದ ಹೋದೆ. ಅತ್ತೆಯವರು ಶಾಲು ಹೊದ್ದು, ಟಾರ್ಚು ಹಿಡಿದು, ಜಗಲಿಯ ಮೆಟ್ಟಿಲ ಮೇಲೆ ನಿಂತಿದ್ದಾರೆ. ಟಾರ್ಚಿನ ಬೆಳಕು ಪೇರಲೆ ಮರದ ಬುಡಕ್ಕೆ.

"ಆವಾಗಿಂದ ಬಾಗಿಲು ಕೆರೀತಿತ್ತು. ನೀನು ಗೊರಕೆ ಹೊಡೀತಿದ್ದೆ" ಎಂದರು. ಆಮೇಲೆ ಮರದ ಕಡೆ ತಿರುಗಿ, "ಹೂಂ, ಬೇಗ ಮಾಡು ಮಾರಾಯಾ, ಚಳಿ."